ಬಿಡುವಿನ ವೇಳೆಯಲ್ಲಿ ಐಟಿ ರಿಟರ್ನ್ ಕೆಲಸ: ಮೊದಲ ಹಂಗಾಮಿಗೆ ಸಿದ್ಧತೆ

ಸಂಬಳದಾರರ ಆದಾಯ ತೆರಿಗೆ ರಿಟರ್ನ್ ಮಾಡಿಕೊಡುವ ಕೆಲಸದ ಬಹುಪಾಲು ಜೂನ್ ನಡುವಿನಿಂದ ಜುಲೈ 31ರ ಒಳಗೆ ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ಆಗೊಂದು ಈಗೊಂದು ನೋಟಿಸು, ರಿಫಂಡ್ ಬರಲಿಲ್ಲ ಎಂಬ ಫೋನು, ಮುಂಗಡ ತೆರಿಗೆಯ ಲೆಕ್ಕ ಅಷ್ಟೇ. ಆದ್ದರಿಂದ ಬೇರೆ ನೌಕರಿ ಇರುವವರಿಗೆ ಇದು ಹೊಂದುತ್ತದೆ. ಅಂಗಡಿ ಬೇಡ, ಹೆಚ್ಚಿನ ಬಂಡವಾಳ ಬೇಡ. ಬೇಕಾದದ್ದು ಅಚ್ಚುಕಟ್ಟುತನ, ನಿಯಮ ಓದುವ ಅಭ್ಯಾಸ ಮತ್ತು "ಇದು ನನ್ನಿಂದ ಆಗುವುದಿಲ್ಲ" ಎಂದು ಗ್ರಾಹಕರಿಗೆ ನೇರವಾಗಿ ಹೇಳುವ ಧೈರ್ಯ. ಕೊನೆಯದು ಇಲ್ಲದವರೇ ಮೊದಲ ವರ್ಷದಲ್ಲಿ ತೊಂದರೆಗೆ ಸಿಕ್ಕಿಕೊಳ್ಳುವುದು.

ಕಾಯ್ದೆಯ ಬಗ್ಗೆ ಒಂದು ಸ್ಪಷ್ಟನೆ ಮೊದಲೇ ಬೇಕು. ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದದ್ದು 2026ರ ಏಪ್ರಿಲ್ 1ರಿಂದ. ಆದರೆ 2025-26ರ ಆರ್ಥಿಕ ವರ್ಷದ ಆದಾಯಕ್ಕೆ, ಅಂದರೆ 2026-27ರ ಅಸೆಸ್‌ಮೆಂಟ್ ವರ್ಷದ ರಿಟರ್ನಿಗೆ, 1961ರ ಹಳೆಯ ಕಾಯ್ದೆಯೇ ಅನ್ವಯ. ಹೊಸ ಕಾಯ್ದೆಯಲ್ಲಿ ಅಸೆಸ್‌ಮೆಂಟ್ ವರ್ಷ ಎಂಬ ಮಾತೇ ಇಲ್ಲ, "ತೆರಿಗೆ ವರ್ಷ" ಎಂಬುದು ಮಾತ್ರ ಉಂಟು. ಸೆಕ್ಷನ್ ಸಂಖ್ಯೆಗಳೂ ಬದಲಾಗಿವೆ. ಇಲ್ಲಿ ಕೊಟ್ಟ ಸೆಕ್ಷನ್‌ಗಳು ಮತ್ತು ಮೊತ್ತಗಳು 2025-26ರ ಆದಾಯಕ್ಕೆ ಸಂಬಂಧಿಸಿದವು. ಪ್ರತಿ ಹಂಗಾಮಿಗೆ ಮೊದಲು ಆ ವರ್ಷದ ಫಾರಂ ಸೂಚನೆಗಳನ್ನು ಇ-ಫೈಲಿಂಗ್ ಪೋರ್ಟಲ್‌ನಿಂದ ಇಳಿಸಿಕೊಂಡು ಪೂರ್ತಿ ಓದಲೇಬೇಕು.

ಯಾರು ಮಾಡಬಹುದು, ಎಲ್ಲಿಯವರೆಗೆ

ಇನ್ನೊಬ್ಬರ ರಿಟರ್ನ್ ತಯಾರಿಸಲು ನೆರವಾಗುವುದಕ್ಕೆ ಪರವಾನಗಿ ಬೇಡ. ರಿಟರ್ನ್ ಗ್ರಾಹಕರದ್ದು, ಅದರ ಘೋಷಣೆ ಅವರದ್ದು, ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಮಾಡುವವರೂ ಅವರೇ. ಆದರೆ ತೆರಿಗೆ ಅಧಿಕಾರಿಯ ಮುಂದೆ ಅವರ ಪರವಾಗಿ ಹಾಜರಾಗಬೇಕಾದರೆ ಸೆಕ್ಷನ್ 288ರಲ್ಲಿ ಹೇಳಿದ ಅಧಿಕೃತ ಪ್ರತಿನಿಧಿ ಆಗಿರಬೇಕು. ಚಾರ್ಟರ್ಡ್ ಅಕೌಂಟೆಂಟ್, ವಕೀಲ, ನಿಗದಿತ ವಿದ್ಯಾರ್ಹತೆಯುಳ್ಳ ಆದಾಯ ತೆರಿಗೆ ಪ್ರಾಕ್ಟೀಷನರ್ ಇಂಥವರು ಆ ಪಟ್ಟಿಯಲ್ಲಿದ್ದಾರೆ. ತೆರಿಗೆ ಆಡಿಟ್ ಮತ್ತು ವಿದೇಶಕ್ಕೆ ಹಣ ಕಳಿಸುವಾಗ ಬೇಕಾಗುವ 15ಸಿಬಿ ಪ್ರಮಾಣಪತ್ರ ಸಿಎಗಳಿಗೆ ಮಾತ್ರ ಸೇರಿದ ಕೆಲಸ. ಸಿಎ ಅಲ್ಲದವರು ಬೋರ್ಡಿನಲ್ಲೋ ವಿಸಿಟಿಂಗ್ ಕಾರ್ಡಿನಲ್ಲೋ ಹಾಗೆಂದು ತೋರಿಸಿಕೊಳ್ಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಅಪರಾಧ. "ಆದಾಯ ತೆರಿಗೆ ರಿಟರ್ನ್ ಸೇವೆ" ಎಂದು ಬರೆದರೆ ಸಾಕು.

ಮುಂದೆ ಜಿಎಸ್‌ಟಿ ಕೆಲಸವನ್ನೂ ಹಿಡಿಯುವ ಯೋಚನೆ ಇದ್ದರೆ ವಾಣಿಜ್ಯ, ಕಾನೂನು, ಬ್ಯಾಂಕಿಂಗ್ ಅಥವಾ ಬಿಸಿನೆಸ್ ಮ್ಯಾನೇಜ್‌ಮೆಂಟ್ ಪದವಿ ಇರುವವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಫಾರಂ ಪಿಸಿಟಿ-01ರಲ್ಲಿ ನೋಂದಾಯಿಸಿಕೊಳ್ಳಬಹುದು, ಪರೀಕ್ಷೆಯೂ ಇದೆ. ಮೊದಲ ವರ್ಷ ಅದಕ್ಕೆ ಕೈ ಹಾಕಬೇಡಿ. ಜಿಎಸ್‌ಟಿ ರಿಟರ್ನ್ ವರ್ಷವಿಡೀ ಬರುವ ಗಡುವುಗಳ ಕೆಲಸ, ಸಂಜೆ ಎರಡು ಗಂಟೆ ಮಾತ್ರ ಇರುವವರಿಗೆ ಅದು ಭಾರವಾಗುತ್ತದೆ.

ಕೈ ಹಾಕುವ ಮೊದಲು ನಿಮ್ಮದೇ ಕಾಗದ

ಖಾಸಗಿ ನೌಕರಿಯಲ್ಲಿದ್ದರೆ ನೇಮಕಾತಿ ಪತ್ರದಲ್ಲಿ ಬೇರೆ ಕೆಲಸದ ಬಗ್ಗೆ ಏನಿದೆ ಎಂದು ನೋಡಿ, ಅನುಮಾನ ಇದ್ದರೆ ಲಿಖಿತ ಅನುಮತಿ ಕೇಳಿ. ರಾಜ್ಯ ಸರ್ಕಾರಿ ನೌಕರರಿಗೆ ನಡತೆ ನಿಯಮಗಳು ಅನುಮತಿ ಇಲ್ಲದೆ ಖಾಸಗಿ ವ್ಯಾಪಾರ, ಉದ್ಯೋಗಕ್ಕೆ ಅವಕಾಶ ಕೊಡುವುದಿಲ್ಲ. "ಹೆಂಡತಿಯ ಹೆಸರಿನಲ್ಲಿ ಮಾಡುತ್ತೇನೆ" ಎಂದು ಹೊರಡುವುದಾದರೆ ಕೆಲಸವನ್ನೂ ಅವರೇ ಕಲಿತು ಮಾಡಬೇಕು, ದುಡ್ಡೂ ಅವರ ಖಾತೆಗೇ ಬರಬೇಕು. ಹೆಸರೊಬ್ಬರದು ದುಡಿಮೆ ಇನ್ನೊಬ್ಬರದು ಎಂದಾದರೆ ಇಲಾಖಾ ವಿಚಾರಣೆಯ ಜತೆಗೆ ತೆರಿಗೆಯ ತಕರಾರೂ ಬರುತ್ತದೆ.

ಬಹಳ ಜನ ಗಮನಿಸದ ಒಂದು ವಿಷಯ ನಿಮ್ಮದೇ ರಿಟರ್ನಿಗೆ ಸಂಬಂಧಿಸಿದ್ದು. ಶುಲ್ಕ ಪಡೆದ ದಿನದಿಂದ ನಿಮಗೆ ವೃತ್ತಿ ಆದಾಯ ಇದೆ, ಸಂಬಳದಾರರ ಸರಳ ರಿಟರ್ನ್ ಫಾರಂ ಆದ ಐಟಿಆರ್-1 ಇನ್ನು ನಿಮಗಿಲ್ಲ. ಖರ್ಚಿನ ಲೆಕ್ಕ ಇಟ್ಟು ಐಟಿಆರ್-3 ಕೊಡಬೇಕು, ಅಥವಾ ಅಂದಾಜು ಲಾಭದ ಮೇಲೆ ಐಟಿಆರ್-4. ಲೆಕ್ಕಪತ್ರದ ವೃತ್ತಿ ಎಂದು ಸೆಕ್ಷನ್ 44ಎಡಿಎ ಅಡಿ ತೋರಿಸಿದರೆ ಬಂದ ಶುಲ್ಕದಲ್ಲಿ ಕನಿಷ್ಠ ಅರ್ಧ ಲಾಭ. ಇನ್ನು ಮನೆ ಸಾಲದ ಬಡ್ಡಿಗೋಸ್ಕರ ನೀವು ಹೆಚ್ಚು ಕಡಿತಗಳು ಸಿಗುವ ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಎಚ್ಚರ: ಸಂಬಳ ಮಾತ್ರ ಇರುವವರು ಪ್ರತಿ ವರ್ಷ ಹಳೆಯದೋ ಹೊಸದೋ ಎಂದು ಆರಿಸಿಕೊಳ್ಳಬಹುದು. ವೃತ್ತಿ ಆದಾಯ ಸೇರಿದ ಮೇಲೆ ಹಳೆ ಪದ್ಧತಿ ಬೇಕೆಂದರೆ ಗಡುವಿನೊಳಗೆ ಫಾರಂ 10-ಐಇಎ ಸಲ್ಲಿಸಬೇಕು. ಹಾಗೆ ಹಳೆಯದಕ್ಕೆ ಹೋಗಿ ಮತ್ತೆ ಹೊಸದಕ್ಕೆ ಬಂದರೆ, ಆ ವೃತ್ತಿ ಇರುವತನಕ ಇನ್ನೊಮ್ಮೆ ಹಳೆಯದಕ್ಕೆ ಹೋಗಲು ಬರುವುದಿಲ್ಲ. ಹೊಸ ಕಾಯ್ದೆಯಲ್ಲೂ ಈ ನಿಯಮದ ತಿರುಳು ಇದೇ. ಇಪ್ಪತ್ತೈದು ಸಾವಿರದ ಸಂಪಾದನೆಗಾಗಿ ಆ ಸ್ವಾತಂತ್ರ್ಯ ಬಿಡುವುದು ಲಾಭವೋ ನಷ್ಟವೋ ಎಂಬ ಲೆಕ್ಕವನ್ನು ಎಲ್ಲಕ್ಕಿಂತ ಮೊದಲು ಮಾಡಿ.

ಉಳಿದ ನೋಂದಣಿಗಳು ಸುಲಭ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಉಚಿತ, ಕರೆಂಟ್ ಅಕೌಂಟ್ ತೆರೆಯುವಾಗ ಉಪಯೋಗಕ್ಕೆ ಬರುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಸದ್ಯ ಅದರ ಚಿಂತೆ ಬೇಡ. ವೃತ್ತಿ ತೆರಿಗೆ ಒಬ್ಬರಿಗೆ ವರ್ಷಕ್ಕೆ 2,500 ಮೀರುವಂತಿಲ್ಲ ಎಂದು ಸಂವಿಧಾನದ 276ನೇ ವಿಧಿಯೇ ಹೇಳುತ್ತದೆ. ಸಂಬಳದಲ್ಲಿ ಈಗಾಗಲೇ ಕಡಿತವಾಗುತ್ತಿದ್ದರೆ ಆ ಪೇ ಸ್ಲಿಪ್‌ಗಳನ್ನು ಇಟ್ಟುಕೊಂಡಿರಿ.

ಸಾಮಾನು ಮತ್ತು ಖರ್ಚು

ಒಂದು ಲ್ಯಾಪ್‌ಟಾಪ್, ಸ್ಕ್ಯಾನರ್ ಸೇರಿದ ಪ್ರಿಂಟರ್, ಬ್ಯಾಕಪ್‌ಗೆ ಒಂದು ಹೊರಗಿನ ಡಿಸ್ಕ್, ಕರೆಂಟ್ ಹೋದಾಗ ಅರ್ಧ ಗಂಟೆ ತಡೆಯುವ ಯುಪಿಎಸ್, ಇಷ್ಟೇ. ಲ್ಯಾಪ್‌ಟಾಪ್ ಮೊದಲೇ ಇದ್ದರೆ ಉಳಿದದ್ದಕ್ಕೆ 20ರಿಂದ 25 ಸಾವಿರ ತೆಗೆದಿಡಿ. ಸಾಫ್ಟ್‌ವೇರ್ ಕೊಳ್ಳಬೇಡಿ. ಇಲಾಖೆಯ ಪೋರ್ಟಲ್ ಮತ್ತು ಆಫ್‌ಲೈನ್ ಯುಟಿಲಿಟಿ (ರಿಟರ್ನ್ ತುಂಬುವ ತಂತ್ರಾಂಶ) ಎರಡೂ ಉಚಿತ. ಮೇಲಾಗಿ ಯುಟಿಲಿಟಿಯ ಷೆಡ್ಯೂಲ್‌ಗಳನ್ನು ಕೈಯಾರೆ ತುಂಬಿದರೇನೇ ಯಾವ ಅಂಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಾಗುವುದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಲ್ಯಾಪ್‌ಟಾಪಿಗೆ ಬೇರೆ ಯೂಸರ್ ಖಾತೆ ಮಾಡಿ. ಮಕ್ಕಳು ಆಟವಾಡುವ ಖಾತೆಯಲ್ಲಿ ಊರವರ ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಇರಕೂಡದು.

ಯಾವ ಕೆಲಸ ಹಿಡಿಯಬೇಕು, ಯಾವುದನ್ನು ಬಿಡಬೇಕು

ಮೊದಲ ವರ್ಷಕ್ಕೆ ಮೂರು ಬಗೆಯ ಗ್ರಾಹಕರು ಸಾಕು: ಒಂದೇ ಕಡೆ ಸಂಬಳ ಇರುವವರು, ಪಿಂಚಣಿದಾರರು, ಮತ್ತು 44ಎಡಿ ಅಡಿ ಬರುವ ಸಣ್ಣ ಅಂಗಡಿಯವರು. ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಶೇ. 6, ನಗದಿಗೆ ಶೇ. 8 ಕನಿಷ್ಠ ಲಾಭ ತೋರಿಸುವ ಪದ್ಧತಿ ಇದು. ವಿಮಾ ಏಜೆಂಟರು, ದಲ್ಲಾಳಿಗಳು ಇದರೊಳಗೆ ಬರುವುದಿಲ್ಲ. ಕಮಿಷನ್ ಆದಾಯವನ್ನು 44ಎಡಿಯಿಂದ ಹೊರಗಿಟ್ಟಿದ್ದಾರೆ, ಅವರಿಗೆ ಐಟಿಆರ್-3 ಬೇಕು. ಸುಲಭವೆಂದು ಐಟಿಆರ್-4 ತುಂಬಿ ಕಳಿಸುವುದು ಊರೂರಲ್ಲೂ ನಡೆಯುವ ತಪ್ಪು.

ಐಟಿಆರ್-1 ಯಾರಿಗೆ ಆಗುವುದಿಲ್ಲ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳಿ: ಒಟ್ಟು ಆದಾಯ 50 ಲಕ್ಷ ಮೀರಿದವರು, ಕಂಪನಿ ನಿರ್ದೇಶಕರು, ಪಟ್ಟಿಯಾಗದ ಷೇರು ಇರುವವರು, ಷೇರಿನ ಅಲ್ಪಾವಧಿ ಲಾಭ ಇರುವವರು, 112ಎ ಅಡಿಯ (ಪಟ್ಟಿಯಾದ ಷೇರು, ಷೇರು ಫಂಡಿನ) ದೀರ್ಘಾವಧಿ ಲಾಭ 1.25 ಲಕ್ಷ ಮೀರಿದವರು, ವಿದೇಶದಲ್ಲಿ ಆಸ್ತಿ ಇರುವವರು, ಅನಿವಾಸಿಗಳು, ಕೃಷಿ ಆದಾಯ 5,000 ಮೀರಿದವರು.

ಈ ಕೊನೆಯದು ನಮ್ಮ ಕಡೆ ದೊಡ್ಡ ವಿಷಯ. ಮಲೆನಾಡಿನ ಹೈಸ್ಕೂಲ್ ಮೇಷ್ಟ್ರಿಗೆ ಎರಡು ಎಕರೆ ಅಡಿಕೆ ತೋಟ ಇದ್ದೇ ಇರುತ್ತದೆ. "ಕೃಷಿಗೆ ತೆರಿಗೆ ಇಲ್ಲವಲ್ಲ" ಎಂದು ಅವರು ಆ ಮಾತನ್ನೇ ಎತ್ತುವುದಿಲ್ಲ. ತೆರಿಗೆ ಇಲ್ಲ ನಿಜ, ಆದರೆ ರಿಟರ್ನಿನಲ್ಲಿ ತೋರಿಸಬೇಕು. ನಿವ್ವಳ ಕೃಷಿ ಆದಾಯ 5,000 ಮೀರಿ, ಉಳಿದ ಆದಾಯವೂ ಮೂಲ ವಿನಾಯಿತಿ ಮಿತಿ ದಾಟಿದ್ದರೆ, ತೆರಿಗೆ ದರ ಲೆಕ್ಕ ಹಾಕಲು ಕೃಷಿ ಆದಾಯವನ್ನು ಸೇರಿಸಿಕೊಳ್ಳುತ್ತಾರೆ. ಹೀಗಾಗಿ ಸಂಬಳದ ಮೇಲಿನ ತೆರಿಗೆ ಹೆಚ್ಚಬಹುದು. ಫಾರಂ ಐಟಿಆರ್-2 ಆಗುತ್ತದೆ. ಕೃಷಿ ಆದಾಯ 5 ಲಕ್ಷ ಮೀರಿದರೆ ಜಿಲ್ಲೆ, ಪಿನ್‌ಕೋಡ್, ಜಮೀನಿನ ಅಳತೆ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲವನ್ನೂ ಕೇಳುತ್ತದೆ. ಪಹಣಿ ತರಿಸಿಕೊಂಡೇ ತುಂಬಿ. ಕಾಫಿ ಬೆಳೆಗಾರರ ಲೆಕ್ಕ ಇನ್ನೂ ಬೇರೆ. ತಾವೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದರೆ ನಿಯಮ 7ಬಿ ಪ್ರಕಾರ ಲಾಭದ ಶೇ. 25 ವ್ಯಾಪಾರ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ಕೆಲಸ ಮಾಡುವವರು ಈ ನಿಯಮ ಕಲಿಯದೆ ಬೆಳೆಗಾರರ ಫೈಲು ತೆಗೆದುಕೊಳ್ಳಬಾರದು.

ಸದ್ಯ ಬಿಡಬೇಕಾದವು: ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ, ಅಮೆರಿಕದ ಕಂಪನಿಯ ಷೇರು ಪಡೆದ ಸಾಫ್ಟ್‌ವೇರ್ ನೌಕರರು, ಅನಿವಾಸಿಗಳು, ಆಸ್ತಿ ಮಾರಿದವರು. ವಿದೇಶಿ ಷೇರನ್ನು ಷೆಡ್ಯೂಲ್ ಎಫ್‌ಎನಲ್ಲಿ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದಂತೆ ತೋರಿಸಬೇಕು. ಬಿಟ್ಟುಹೋದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷದ ದಂಡದವರೆಗೆ ಹೋಗಬಹುದು. ಸಾವಿರ ರೂಪಾಯಿ ಶುಲ್ಕಕ್ಕೆ ಆ ಹೊಣೆ ಹೊರುವುದು ಗ್ರಾಹಕರಿಗೂ ಅನ್ಯಾಯ. ಪರಿಚಯದ ಸಿಎ ಒಬ್ಬರನ್ನು ಮೊದಲೇ ಮಾತಾಡಿಸಿಟ್ಟುಕೊಂಡು ಅಂಥವರನ್ನು ಅಲ್ಲಿಗೆ ಕಳಿಸಿ.

ಸಮಯ ಮತ್ತು ಶುಲ್ಕ

ಜೂನ್ 15ರಿಂದ ಜುಲೈ 31ಕ್ಕೆ 47 ದಿನ. ದಿನ ಸಂಜೆ ಎರಡು ಗಂಟೆ, ಭಾನುವಾರ ಐದು ಗಂಟೆ ಎಂದರೆ ಸುಮಾರು 115 ಗಂಟೆ. ಸರಳ ಸಂಬಳದ ರಿಟರ್ನಿಗೂ ಕಾಗದ ಕೇಳುವುದು, ತಾಳೆ ನೋಡುವುದು, ವಿವರಿಸುವುದು, ಇ-ವೆರಿಫೈ ಮಾಡಿಸುವುದು ಎಲ್ಲಾ ಸೇರಿ ಒಂದೂವರೆ ಗಂಟೆ ಹಿಡಿಯುತ್ತದೆ. ಹೊಸಬರಿಗೆ ಇನ್ನೂ ಹೆಚ್ಚು. ಕಾಗದದ ಲೆಕ್ಕದಲ್ಲಿ 75 ಆಗುತ್ತದೆ ಎಂದು ಅಷ್ಟು ಒಪ್ಪಿಕೊಂಡರೆ ಜುಲೈ ಕೊನೆಯ ವಾರದಲ್ಲಿ ಕಣ್ಣು ಮುಚ್ಚಿ ಸಲ್ಲಿಸುವ ಸ್ಥಿತಿ ಬರುತ್ತದೆ. ಆ ವಾರ ಪೋರ್ಟಲ್ ನಿಧಾನವಾಗುವುದೂ ಉಂಟು. ಮೊದಲ ವರ್ಷ 30ರಿಂದ 35ಕ್ಕೆ ನಿಲ್ಲಿಸಿ. ಜುಲೈ 20ರ ಬಳಿಕ ಹೊಸಬರನ್ನು ತೆಗೆದುಕೊಳ್ಳಬೇಡಿ.

ಸರಳ ಐಟಿಆರ್-1ಕ್ಕೆ 600, ಕೃಷಿ ಆದಾಯ ಅಥವಾ ಮ್ಯೂಚುವಲ್ ಫಂಡ್ ಲಾಭ ಇರುವ ಐಟಿಆರ್-2ಕ್ಕೂ ಅಂಗಡಿಯವರ ಐಟಿಆರ್-4ಕ್ಕೂ 1,500 ಎಂದಿಟ್ಟುಕೊಂಡರೆ, 25 ಸರಳ ಮತ್ತು 8 ಕಷ್ಟದ ಫೈಲುಗಳಿಗೆ 27,000 ಬರುತ್ತದೆ. ಶುಲ್ಕ ಕೆಲಸದ ಗಾತ್ರಕ್ಕೆ ಇರಲಿ, ರಿಫಂಡಿನ ಪಾಲಾಗಿ ಎಂದೂ ಬೇಡ. ರಿಫಂಡ್ ಹೆಚ್ಚಾದಷ್ಟೂ ನಿಮಗೆ ಹೆಚ್ಚು ಎಂದಾದ ಕ್ಷಣದಿಂದ ಕೈ ತಪ್ಪು ಕಡೆ ವಾಲುತ್ತದೆ. ಅರ್ಧ ಮುಂಗಡ, ಉಳಿದರ್ಧ ಲೆಕ್ಕದ ಹಾಳೆ ಒಪ್ಪಿದ ದಿನ. ಸಲ್ಲಿಸಿದ ಮೇಲೆ ಕೇಳಿದರೆ ನೆಂಟರಿಷ್ಟರ ಬಾಕಿ ದೀಪಾವಳಿವರೆಗೆ ನಿಲ್ಲುತ್ತದೆ. ರಸೀದಿಗೆ ಸರಣಿ ಸಂಖ್ಯೆ ಹಾಕಿ, ನಕಲು ಇಟ್ಟುಕೊಳ್ಳಿ.

ಮೊದಲ ಭೇಟಿಯಲ್ಲಿ

ಒಂದು ಪುಟದ ಒಪ್ಪಿಗೆ ಪತ್ರ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಅದರಲ್ಲಿರಬೇಕಾದದ್ದು: ಯಾವ ವರ್ಷದ ರಿಟರ್ನ್, ಶುಲ್ಕ ಎಷ್ಟು, ಶುಲ್ಕದಲ್ಲಿ ಯಾವುದು ಸೇರಿಲ್ಲ, ಗ್ರಾಹಕರು ಕೊಟ್ಟ ಮಾಹಿತಿ ಪೂರ್ಣ ಮತ್ತು ಸತ್ಯ ಎಂಬ ಮಾತು, ದಾಖಲೆ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದು. ಮುಂದೆ ನೋಟಿಸು ಬಂದರೆ ಉತ್ತರಿಸಲು ಬೇರೆ ಶುಲ್ಕವೋ ಅಲ್ಲವೋ ಎಂಬುದನ್ನೂ ಬರೆಯಿರಿ. ಹೆಚ್ಚಿನ ಮನಸ್ತಾಪ ಇಲ್ಲಿಂದಲೇ ಹುಟ್ಟುತ್ತದೆ.

ಕೇಳಬೇಕಾದ ಕಾಗದಗಳು: ಫಾರಂ 16ರ (ಉದ್ಯೋಗದಾತರು ಕೊಡುವ ಸಂಬಳ ಮತ್ತು ಮುರಿದ ತೆರಿಗೆಯ ಪತ್ರ) ಎ ಮತ್ತು ಬಿ ಎರಡೂ ಭಾಗ, ಎಲ್ಲಾ ಖಾತೆಗಳ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸ್ಟೇಟ್‌ಮೆಂಟ್, ಠೇವಣಿ ಬಡ್ಡಿಯ ಪತ್ರ, ಷೇರು ಅಥವಾ ಮ್ಯೂಚುವಲ್ ಫಂಡ್ ಇದ್ದರೆ ಲಾಭನಷ್ಟದ ವರದಿ, ಮನೆ ಸಾಲದ ಬಡ್ಡಿ ಪತ್ರ. ಹಳೆ ಪದ್ಧತಿಯವರಿಂದ ಇನ್ನೂ ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ), ಎಲ್ಐಸಿ ಕಂತು, ಆರೋಗ್ಯ ವಿಮೆ, ಬಾಡಿಗೆ ರಸೀದಿ. 2025-26ರ ಅಸೆಸ್‌ಮೆಂಟ್ ವರ್ಷದಿಂದ ಫಾರಂಗಳು ಪಾಲಿಸಿ ಸಂಖ್ಯೆ, ವಿಮಾ ಕಂಪನಿಯ ಹೆಸರು ಇವನ್ನೆಲ್ಲ ಕೇಳುತ್ತಿವೆ, ಆದ್ದರಿಂದ ಬರೀ ಮೊತ್ತ ಸಾಲದು. ಆಧಾರ್ ಪ್ರತಿ ಬೇಕಾದರೆ ಮೊದಲ ಎಂಟು ಅಂಕಿ ಮರೆಯಾದ ಮಾಸ್ಕ್ಡ್ ಪ್ರತಿಯನ್ನೇ ತೆಗೆದುಕೊಳ್ಳಿ.

ಪಾಸ್‌ವರ್ಡ್ ಬರೆದಿಟ್ಟುಕೊಳ್ಳುವ ನೋಟ್‌ಬುಕ್ ಬೇಡವೇ ಬೇಡ. ಗ್ರಾಹಕರು ಎದುರಿಗಿದ್ದಾಗ ಅವರೇ ಲಾಗಿನ್ ಆಗಲಿ. ಪಾಸ್‌ವರ್ಡ್ ಮರೆತವರಿಗೆ ಆಧಾರ್ ಒಟಿಪಿ ದಾರಿ ಇದೆ. ಆ ಕೂತಲ್ಲೇ ನಾಲ್ಕು ಫೈಲ್ ಇಳಿಸಿಕೊಳ್ಳಿ: ಎಐಎಸ್ (ಇಲಾಖೆಗೆ ಬಂದ ವರ್ಷದ ಆದಾಯ, ವಹಿವಾಟಿನ ವಿವರ), ಟಿಐಎಸ್ (ಅದರ ಸಾರಾಂಶ), 26ಎಎಸ್ (ಗ್ರಾಹಕರ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ), ಮತ್ತು ಯುಟಿಲಿಟಿಗೆ ಬೇಕಾದ ಪ್ರೀಫಿಲ್ ಫೈಲ್. ಎಐಎಸ್ ಪಿಡಿಎಫ್ ತೆರೆಯಲು ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ. ಜತೆಗೇ ಮೂರು ವಿಷಯ ನೋಡಿ: ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ, ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗಿದೆಯೇ, ಪ್ರೊಫೈಲಿನಲ್ಲಿರುವ ಮೊಬೈಲು ಮತ್ತು ಇಮೇಲು ಗ್ರಾಹಕರದ್ದೇ ಆಗಿದೆಯೇ. ಹಿಂದೆ ಯಾರೋ ಸೈಬರ್ ಸೆಂಟರಿನವರು ತಮ್ಮ ಇಮೇಲ್ ಹಾಕಿದ್ದರೆ ಅಂದೇ ಬದಲಿಸಿ.

ಗ್ರಾಹಕರ ಸಂಖ್ಯೆ ಬೆಳೆದ ಮೇಲೆ ಇಲಾಖೆಯ ಇ-ರಿಟರ್ನ್ ಇಂಟರ್‌ಮೀಡಿಯರಿ ನೋಂದಣಿ ಬಗ್ಗೆ ಯೋಚಿಸಬಹುದು. ಆಗ ಗ್ರಾಹಕರ ಸಮ್ಮತಿಯೊಂದಿಗೆ ನಿಮ್ಮದೇ ಲಾಗಿನ್‌ನಿಂದ ಸಲ್ಲಿಸುವ ವ್ಯವಸ್ಥೆ ಇರುತ್ತದೆ. ಮೂವತ್ತು ಜನರಿಗೆ ಅದರ ಅಗತ್ಯವಿಲ್ಲ.

ಲೆಕ್ಕದ ಕ್ರಮ

ಜೂನ್ 15ಕ್ಕೆ ಮೊದಲು ಸಲ್ಲಿಸುವ ಆತುರ ಬೇಡ. ಕೊನೆಯ ತ್ರೈಮಾಸಿಕದ ಟಿಡಿಎಸ್ (ಮೂಲದಲ್ಲೇ ಮುರಿದ ತೆರಿಗೆ) ವಿವರ ಕೊಡಲು ಉದ್ಯೋಗದಾತರಿಗೆ, ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯವಿದೆ, ಫಾರಂ 16 ಕೊಡಲು ಜೂನ್ 15. ಅದಕ್ಕೆ ಮುಂಚೆ 26ಎಎಸ್ ಅರ್ಧಂಬರ್ಧ ಇರುತ್ತದೆ.

ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್, ಆಮೇಲೆ ಎಐಎಸ್, ಕೊನೆಗೆ ಫಾರಂ 16, ಈ ಕ್ರಮದಲ್ಲಿ ಓದಿ. ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ, ಫಾರಂ 16ರಲ್ಲಿ ಇಲ್ಲದ್ದು ಕಣ್ಣಿಗೆ ಬೀಳುವುದೇ ಇಲ್ಲ. ಪಾಸ್‌ಬುಕ್ಕಿನಲ್ಲಿ ಬಾಡಿಗೆ ಬಂದಿರುತ್ತದೆ, ಸಹಕಾರ ಸಂಘದ ಠೇವಣಿ ಬಡ್ಡಿ ಇರುತ್ತದೆ. 15ಜಿ, 15ಎಚ್ ಕೊಟ್ಟು ಟಿಡಿಎಸ್ ತಪ್ಪಿಸಿಕೊಂಡ ಬಡ್ಡಿಗೂ ತೆರಿಗೆ ಉಂಟು. ಆ ಫಾರಂ ಕೊಟ್ಟರೆ ಮುರಿದುಕೊಳ್ಳುವುದಿಲ್ಲ ಅಷ್ಟೇ. ಎಐಎಸ್‌ನಲ್ಲಿ ಕಾಣದ ಬಡ್ಡಿಯನ್ನೂ ಸೇರಿಸಿ. ಎಐಎಸ್‌ನಲ್ಲಿ ತಪ್ಪು ನಮೂದು ಕಂಡರೆ, ಉದಾಹರಣೆಗೆ ಜಂಟಿ ಖಾತೆಯ ಬಡ್ಡಿ ಇಬ್ಬರಿಗೂ ಪೂರ್ತಿ ಬಂದಿದ್ದರೆ, ಅಲ್ಲೇ ಫೀಡ್‌ಬ್ಯಾಕ್ ಕೊಡಿಸಿ, ಅದರ ಪ್ರತಿ ಫೈಲಿನಲ್ಲಿಡಿ.

ನಂತರ ಹಳೆ, ಹೊಸ ಎರಡೂ ಪದ್ಧತಿಯಲ್ಲಿ ತೆರಿಗೆ ಹಾಕಿ ಪಕ್ಕಪಕ್ಕದಲ್ಲಿ ತೋರಿಸಿ. 2025-26ಕ್ಕೆ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, ಅಲ್ಲಿಂದ ಪ್ರತಿ 4 ಲಕ್ಷದ ಹಂತಕ್ಕೆ ಶೇ. 5, 10, 15, 20, 25, ಹಾಗೆ 24 ಲಕ್ಷದ ಮೇಲೆ ಶೇ. 30. ಸಂಬಳಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ 75,000. ನಿವ್ವಳ ಆದಾಯ 12 ಲಕ್ಷದೊಳಗಿದ್ದರೆ 87ಎ ಅಡಿ 60,000ದವರೆಗೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಆದರೆ ಷೇರಿನ ಅಲ್ಪಾವಧಿ ಲಾಭದಂಥ ವಿಶೇಷ ದರದ ಆದಾಯದ ಮೇಲಿನ ತೆರಿಗೆಗೆ ಈ ರಿಯಾಯಿತಿ ಇಲ್ಲ. "ಹನ್ನೆರಡು ಲಕ್ಷದವರೆಗೆ ಏನೂ ಇಲ್ಲ" ಎಂದು ಗ್ರಾಹಕರಿಗೆ ಬಾಯಿಮಾತಿನಲ್ಲಿ ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು.

ಲೆಕ್ಕ ಮುಗಿದ ಮೇಲೆ ಒಂದು ಹಾಳೆಯಲ್ಲಿ ಆದಾಯ, ಕಡಿತ, ತೆರಿಗೆ, ಟಿಡಿಎಸ್, ಕಟ್ಟಬೇಕಾದ ಅಥವಾ ವಾಪಸು ಬರುವ ಮೊತ್ತ ಬರೆದು ಗ್ರಾಹಕರಿಗೆ ಕಳಿಸಿ. "ನೋಡಿದ್ದೇನೆ, ಒಪ್ಪಿದೆ" ಎಂಬ ಉತ್ತರ ಬರುವವರೆಗೆ ಸಲ್ಲಿಸಬೇಡಿ. ಆ ಉತ್ತರದ ಪ್ರತಿಯೂ ಫೈಲಿಗೆ.

ಎಡವುವ ಜಾಗಗಳು

ವರ್ಷದ ನಡುವೆ ಕೆಲಸ ಬದಲಿಸಿದವರು ಎಲ್ಲರಿಗಿಂತ ಹೆಚ್ಚು ತಲೆನೋವು ತರುತ್ತಾರೆ. ತಿಂಗಳಿಗೆ 1.5 ಲಕ್ಷ ಸಂಬಳದವರು ಆರು ತಿಂಗಳಿಗೆ ಕಂಪನಿ ಬದಲಿಸಿದರು ಎಂದುಕೊಳ್ಳಿ. ಮೊದಲ ಕಂಪನಿ ಇಡೀ ವರ್ಷಕ್ಕೆ 18 ಲಕ್ಷ ಎಂದು ಅಂದಾಜು ಮಾಡಿ ತನ್ನ ಪಾಲು ಮುರಿದಿರುತ್ತದೆ. ಎರಡನೆಯದಕ್ಕೆ ಹಿಂದಿನ ಸಂಬಳದ ವಿವರ ಕೊಡದಿದ್ದರೆ ಅದು 9 ಲಕ್ಷಕ್ಕೆ ಮಾತ್ರ ಲೆಕ್ಕ ಹಾಕಿ ಏನೂ ಮುರಿಯುವುದಿಲ್ಲ. ನಿಜವಾದ ತೆರಿಗೆ 18 ಲಕ್ಷದಿಂದ 75,000 ಕಳೆದು 17.25 ಲಕ್ಷಕ್ಕೆ: 20,000, 40,000, 60,000, 25,000 ಕೂಡಿ 1,45,000, ಶೇ. 4 ಸೆಸ್ ಸೇರಿ 1,50,800. ಮೊದಲ ಕಂಪನಿ ಮುರಿದದ್ದು ಅರ್ಧ, ಅಂದರೆ 75,400. ಉಳಿದ 75,400 ಮತ್ತು ಮುಂಗಡ ತೆರಿಗೆ ಕಟ್ಟದ್ದಕ್ಕೆ ಬೀಳುವ 234ಬಿ, 234ಸಿ ಬಡ್ಡಿಯನ್ನು ಜುಲೈನಲ್ಲಿ ಕೈಯಿಂದ ಕಟ್ಟಬೇಕು. ಈ ಸುದ್ದಿಯನ್ನು ಜೂನ್‌ನಲ್ಲೇ ಹೇಳಿದರೆ ದುಡ್ಡು ಹೊಂದಿಸಿಕೊಳ್ಳುತ್ತಾರೆ, ಜುಲೈ 30ಕ್ಕೆ ಹೇಳಿದರೆ ನಿಮ್ಮ ಮೇಲೇ ಸಿಟ್ಟಾಗುತ್ತಾರೆ.

ಆ ತೆರಿಗೆ ಕಟ್ಟುವಾಗ ಚಲನ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಎಂದೇ ಆರಿಸಿ, ವರ್ಷ ಎರಡು ಸಲ ನೋಡಿ. ವರ್ಷ ತಪ್ಪಿದರೆ ಹಣ ಕಟ್ಟಿದರೂ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ.

ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಮಿತಿಗೆ ಬೆಂಗಳೂರಿನಲ್ಲಿ ಸಂಬಳದ ಶೇ. 50 ಹಾಕುವವರು ಇದ್ದಾರೆ. 2025-26ರ ಲೆಕ್ಕದಲ್ಲಿ ಶೇ. 50 ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ, ಬೆಂಗಳೂರಿಗೆ 40. ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ಮಾಲೀಕರ ಪ್ಯಾನ್ ಬೇಕು. ತಿಂಗಳ ಬಾಡಿಗೆ 50,000 ಮೀರಿದ್ದರೆ ಬಾಡಿಗೆದಾರರೇ ಶೇ. 2 ಟಿಡಿಎಸ್ ಮುರಿದು ಕಟ್ಟಿರಬೇಕು.

ಶಿಕ್ಷಕರಿಗೆ, ಸಾರಿಗೆ ನೌಕರರಿಗೆ ಹಿಂದಿನ ವರ್ಷಗಳ ಸಂಬಳದ ಬಾಕಿ ಒಟ್ಟಿಗೆ ಬಂದಿದ್ದರೆ ಸೆಕ್ಷನ್ 89ರ ಪರಿಹಾರ ಸಿಗುತ್ತದೆ. ಆದರೆ ಫಾರಂ 10ಇ ರಿಟರ್ನಿಗೆ ಮೊದಲೇ ಸಲ್ಲಿಕೆಯಾಗಿರಬೇಕು. ರಿಟರ್ನಿನಲ್ಲಿ ಮೊತ್ತ ತುಂಬಿ 10ಇ ಮರೆತರೆ ಆ ಪರಿಹಾರ ತಳ್ಳಿಹಾಕಿ ಬಾಕಿ ಬೇಡಿಕೆ ಕಳಿಸುತ್ತಾರೆ.

ಗಡುವು ದಾಟಿದರೆ ಆಗುವ ನಷ್ಟ ಬರೀ 234ಎಫ್ ಅಡಿಯ 5,000 ರೂಪಾಯಿ ಶುಲ್ಕವಲ್ಲ. ಆದಾಯ 5 ಲಕ್ಷದೊಳಗಿದ್ದರೆ ಅದು 1,000. ತಡವಾದ ರಿಟರ್ನಿನಲ್ಲಿ ಹಳೆ ಪದ್ಧತಿ ಆರಿಸಲು ಬರುವುದಿಲ್ಲ. ಮನೆ ಸಾಲ, ವಿಮೆ, ಪಿಎಫ್ ಎಲ್ಲಾ ಕಡಿತ ಕೈತಪ್ಪಿ ಕೆಲವರಿಗೆ ಹತ್ತಾರು ಸಾವಿರ ಹೆಚ್ಚು ತೆರಿಗೆ ಬೀಳುತ್ತದೆ. ಹಳೆ ಪದ್ಧತಿ ಬೇಕಾದವರ ಫೈಲನ್ನು ಸಾಲಿನಲ್ಲಿ ಮೊದಲಿಗೆ ಇಟ್ಟುಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಸುಳ್ಳು ಕಡಿತ ಕೇಳುವವರು

ಬರುತ್ತಾರೆ. "ಪಕ್ಕದ ಊರಿನವರು ಕಟ್ಟಿದ್ದೆಲ್ಲಾ ವಾಪಸು ಕೊಡಿಸಿದರಂತೆ" ಎನ್ನುತ್ತಾರೆ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಇಂಥದ್ದರ ಮೇಲೆಯೇ ಪರಿಶೀಲನೆ ನಡೆಸಿತು. ಬಾಡಿಗೆ ಭತ್ಯೆ, ರಾಜಕೀಯ ಪಕ್ಷಗಳಿಗೆ ದೇಣಿಗೆ, ವಿಮೆ, ಶಿಕ್ಷಣ ಸಾಲದ ಹೆಸರಿನಲ್ಲಿ ಇಲ್ಲದ ಕಡಿತ ತೋರಿಸಿದ ತಯಾರಕರೂ ಮಧ್ಯವರ್ತಿಗಳೂ ಅದರ ಗುರಿ. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆ ಹಿಂತೆಗೆದುಕೊಂಡಿದ್ದರು ಎಂದು ಇಲಾಖೆ ಹೇಳಿತು. ಇಂಥ ತಯಾರಕರು ತಾತ್ಕಾಲಿಕ ಇಮೇಲ್ ಮಾಡಿ ರಾಶಿ ರಾಶಿ ರಿಟರ್ನ್ ಸಲ್ಲಿಸಿ ಬಿಟ್ಟುಬಿಡುತ್ತಾರೆ, ನೋಟಿಸು ಬಂದದ್ದು ತೆರಿಗೆದಾರರಿಗೆ ಗೊತ್ತೇ ಆಗುವುದಿಲ್ಲ ಎಂಬುದನ್ನೂ ಆ ಹೇಳಿಕೆ ಎತ್ತಿ ತೋರಿಸಿತ್ತು. ಪ್ರೊಫೈಲಿನಲ್ಲಿ ಗ್ರಾಹಕರದ್ದೇ ಇಮೇಲ್ ಇರಲಿ ಎಂದದ್ದು ಇದಕ್ಕೇ.

ಆದಾಯವನ್ನು ತಪ್ಪಾಗಿ ತೋರಿಸಿದರೆ 270ಎ ಅಡಿ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ. ಸುಳ್ಳು ರಿಟರ್ನಿಗೆ ಕುಮ್ಮಕ್ಕು ಕೊಟ್ಟವರಿಗೆ ಸೆಕ್ಷನ್ 278ರಲ್ಲಿ ಜೈಲು ಶಿಕ್ಷೆಯಿದೆ. ಅದು ನಿಮಗೆ ಅನ್ವಯಿಸುವ ಸೆಕ್ಷನ್. ಮುಗ್ಧರು ಇದರಲ್ಲಿ ಸಿಕ್ಕಿ ನರಳುವುದು ನಿಜಕ್ಕೂ ನೋವಿನ ಸಂಗತಿ. ನಿವೃತ್ತಿಗೆ ಎರಡು ವರ್ಷ ಇರುವ ಗುಮಾಸ್ತರು ಯಾರದೋ ಮಾತು ನಂಬಿ ಮೂರು ವರ್ಷದ ರಿಫಂಡನ್ನು ಬಡ್ಡಿ, ದಂಡ ಸಮೇತ ಹಿಂದಕ್ಕೆ ಕಟ್ಟಬೇಕಾಗುತ್ತದೆ. ನಿಮ್ಮ ನಿಯಮ ಒಂದೇ ಇರಲಿ: ಕಾಗದ ಕಣ್ಣಿಗೆ ಕಾಣದೆ ಯಾವ ಕಡಿತವೂ ಇಲ್ಲ. 80ಜಿ ದೇಣಿಗೆಗೆ ದೇಣಿಗೆ ಪಡೆದ ಸಂಸ್ಥೆ ಕೊಡುವ ಫಾರಂ 10ಬಿಇ ಬೇಕು, 2,000 ಮೀರಿದ ನಗದು ದೇಣಿಗೆಗೆ ಕಡಿತವೇ ಇಲ್ಲ. ಫಾರಂ 16ರಲ್ಲಿ ಇಲ್ಲದ ಕಡಿತ ಹೊಸದಾಗಿ ಕೇಳಿದರೆ ದಾಖಲೆಯನ್ನು ಇನ್ನೊಮ್ಮೆ ನೋಡಿ. ಒಪ್ಪದವರಿಗೆ ಮುಂಗಡ ವಾಪಸು ಕೊಟ್ಟು ಕಳಿಸಿ.

ಸಲ್ಲಿಸಿದ ಮೇಲೆ

ರಿಟರ್ನ್ ಅಪ್‌ಲೋಡ್ ಆದ 30 ದಿನದೊಳಗೆ ವೆರಿಫೈ ಆಗಬೇಕು. ಆಧಾರ್ ಒಟಿಪಿಯಿಂದ ಅಂದೇ ಮುಗಿಸುವುದು ಒಳ್ಳೆಯದು. ಆಧಾರ್‌ಗೆ ಮೊಬೈಲ್ ಜೋಡಣೆಯಾಗದ ಹಿರಿಯರಿಗೆ ನೆಟ್ ಬ್ಯಾಂಕಿಂಗ್ ದಾರಿ ಇದೆ. ಅದೂ ಇಲ್ಲದಿದ್ದರೆ ಐಟಿಆರ್-ವಿ (ದೃಢೀಕರಣ ಪತ್ರ) ಮುದ್ರಿಸಿ, ನೀಲಿ ಶಾಯಿಯಲ್ಲಿ ಸಹಿ ಮಾಡಿಸಿ, ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ, ಪಿನ್ 560500, ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಫೈಲಿನಲ್ಲಿರಲಿ. ದೇಶದ ಯಾವ ಮೂಲೆಯ ರಿಟರ್ನ್ ಆದರೂ ಸಂಸ್ಕರಣೆಗೆ ಬರುವುದು ಇಲ್ಲಿಗೇ. ವೆರಿಫೈ ಆಗದ ರಿಟರ್ನ್ ಸಲ್ಲಿಸಿದಂತೆಯೇ ಅಲ್ಲ.

ಒಂದು ಸರಳ ಪಟ್ಟಿ ಇಟ್ಟುಕೊಳ್ಳಿ: ಹೆಸರು, ಫಾರಂ, ಸಲ್ಲಿಸಿದ ದಿನ, ವೆರಿಫೈ ಆದ ದಿನ, 143(1) ಸೂಚನೆ (ರಿಟರ್ನ್ ಸಂಸ್ಕರಿಸಿ ಇಲಾಖೆ ಕಳಿಸುವ ಲೆಕ್ಕ) ಬಂದ ದಿನ, ರಿಫಂಡ್ ಬಂದ ದಿನ. ಸೂಚನೆಯಲ್ಲಿ ಇಲಾಖೆಯ ಅಂಕಿ ನಿಮ್ಮ ಅಂಕಿಗೆ ಹೊಂದುತ್ತದೆಯೇ ಎಂದು ಸಾಲು ಸಾಲಾಗಿ ನೋಡಿ. 139(9) ಅಡಿ ದೋಷದ ನೋಟಿಸು ಬಂದರೆ 15 ದಿನದೊಳಗೆ ಉತ್ತರ, ರಿಟರ್ನಿನ ಅಂಕಿ ಬದಲಿಸುವ ಹೊಂದಾಣಿಕೆಯ ಪ್ರಸ್ತಾಪ ಬಂದರೆ 30 ದಿನ. ನಿಮ್ಮ ತಪ್ಪಿನಿಂದ ಬಂದದ್ದಾದರೆ ಶುಲ್ಕವಿಲ್ಲದೆ ಸರಿಪಡಿಸಿಕೊಡಿ.

ಆಗಸ್ಟ್‌ನಲ್ಲಿ ಫೈಲುಗಳನ್ನು ಮುಚ್ಚುವಾಗ ಪ್ರತಿಯೊಬ್ಬರದ್ದನ್ನೂ ವರ್ಷವಾರು ಫೋಲ್ಡರ್‌ನಲ್ಲಿ ಹಾಕಿ, ಬ್ಯಾಕಪ್ ತೆಗೆದು, ವಾಟ್ಸಾಪ್‌ನಲ್ಲಿ ಉಳಿದ ಪ್ಯಾನ್, ಪಾಸ್‌ಬುಕ್ ಚಿತ್ರಗಳನ್ನು ಅಳಿಸಿ. ಲೆಕ್ಕದ ಹಾಳೆ ಮತ್ತು ದಾಖಲೆಗಳನ್ನು ಆರು ವರ್ಷ ಇಟ್ಟರೆ ಮರುಪರಿಶೀಲನೆಯ ಅವಧಿ ಸಾಮಾನ್ಯವಾಗಿ ದಾಟುತ್ತದೆ. ಡಿಸೆಂಬರ್ ಮೊದಲ ವಾರ, ಈ ವರ್ಷ ಬಾಡಿಗೆ ಅಥವಾ ಬಡ್ಡಿ ಹೆಚ್ಚು ತೋರಿಸಿದವರಿಗೆ ಫೋನ್ ಮಾಡಿ. ಟಿಡಿಎಸ್ ಕಳೆದು ಕಟ್ಟಬೇಕಾದ ತೆರಿಗೆ 10,000 ಮುಟ್ಟುವಂತಿದ್ದರೆ ಡಿಸೆಂಬರ್ 15 ಮತ್ತು ಮಾರ್ಚ್ 15ರ ಮುಂಗಡ ತೆರಿಗೆಯ ಕಂತುಗಳ ಮೊತ್ತ ಬರೆದು ಕಳಿಸಿ. ವ್ಯಾಪಾರ ಇಲ್ಲದ 60 ದಾಟಿದ ಹಿರಿಯರಿಗೆ ಮುಂಗಡ ತೆರಿಗೆ ಇಲ್ಲ, ಅವರನ್ನು ಆ ಪಟ್ಟಿಯಿಂದ ಬಿಡಿ.